ಬಿಸಿಲ ಸೀಮೆಯ ಹಿತ್ತಲಿಗೆ ಒಂದೆಲಗ: ಮೊದಲು ನೆರಳು ನೆಡಿ

ಯಾವುದಾದರೂ ಶಾಪಿಂಗ್ ಆ್ಯಪ್ ತೆರೆದು 'ಸಿಕಾ' ಅಂತ ಹುಡುಕಿ ನೋಡಿ. ಕೊರಿಯನ್ ಕ್ರೀಮು, ಸೀರಮ್ಮು, ಟೋನರ್‌ಗಳು ಸಾಲುಗಟ್ಟಿ ನಿಲ್ತವೆ. ಡಬ್ಬಿ ಹಿಂದಿನ ಸಣ್ಣ ಅಕ್ಷರಗಳಲ್ಲಿ 'ಸೆಂಟೆಲಾ ಏಷ್ಯಾಟಿಕಾ' ಅನ್ನೋ ಹೆಸರು ಸಿಗುತ್ತೆ. ಅದು ಬೇರೇನೂ ಅಲ್ಲ, ನಮ್ಮ ಒಂದೆಲಗ. ಮಂಗಳೂರು ಕಡೆ ತಿಮರೆ ಅಂತ ಚಟ್ನಿ ಅರೆಯೋದು, ಶಿರಸಿ ಕಡೆ ತಂಬುಳಿ ಮಾಡೋದು ಇದೇ ಸೊಪ್ಪಿನಿಂದ. ಮಡಗಾಸ್ಕರ್ ದ್ವೀಪದಿಂದ ಕೊರಿಯಾಕ್ಕೆ ಹೋಗಿ, ಅಲ್ಲಿಂದ ಟ್ಯೂಬಿನೊಳಗೆ ಕೂತು ನಮ್ಮ ಕೈಗೆ ಬರೋ ಈ ಗಿಡ ಹಿತ್ತಲಲ್ಲಿ ಒಂದು ಅಗಲ ಟಬ್ಬಿದ್ದರೆ ಸಾಕು, ಹಬ್ಬಿಕೊಳ್ಳುತ್ತೆ.

ಹಬ್ಬಿಕೊಳ್ಳುತ್ತೆ ಅನ್ನೋದು ಮಲೆನಾಡಿನ ಮಾತು. ತಂಬ್ರಹಳ್ಳಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿ ಕಡೆ ಈ ಸೊಪ್ಪಿನ ಸುದ್ದಿ ಎತ್ತಿದರೆ ಮನೆಯ ಹಿರಿಯರು ಕೇಳೋದು ಒಂದೇ ಪ್ರಶ್ನೆ: "ನಮ್ಮ ಬಿಸ್ಲಿಗೆ ಅದು ತಡೀತೈತೇನು?"

ಪ್ರಶ್ನೆ ಸರಿಯಾಗೇ ಇದೆ. ಶಿರಸಿಗೋ ತೀರ್ಥಹಳ್ಳಿಗೋ ಪ್ರವಾಸ ಹೋದವರು ಪ್ಲಾಸ್ಟಿಕ್ ಕವರಿನಲ್ಲಿ ನಾಲ್ಕು ಬೇರು ತರ್ತಾರೆ, ತುಳಸಿಕಟ್ಟೆ ಪಕ್ಕ ಊರ್ತಾರೆ. ಮಳೆಗಾಲ ಪೂರ್ತಿ ಚೆನ್ನಾಗೇ ಇರುತ್ತೆ. ಚಳಿಗಾಲದಲ್ಲಿ ಎಲೆ ಸಣ್ಣದಾಗ್ತದೆ, ಶಿವರಾತ್ರಿ ಹೊತ್ತಿಗೆ ಅಂಚು ಕಂದುತ್ತದೆ, ಯುಗಾದಿಗೆ ಅಲ್ಲಿ ಬರೀ ಮಣ್ಣು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ದಾಟಿ ಮಳೆ. ನಮ್ಮಲ್ಲಿ ಸುಮಾರು 600. ಅಲ್ಲಿ ಕಾಲ್ದಾರಿ ಪಕ್ಕ ತಾನಾಗಿ ಹುಟ್ಟೋ ಗಿಡಕ್ಕೆ ಇಲ್ಲಿ ಮನೆ ಕಟ್ಟಿಕೊಡಬೇಕು.

ಗೂಗಲ್ ಮಾಡಿದರೆ ಒಂದೆಲಗವನ್ನ 'ನೆರಳು ಸಹಿಸೋ ಗಿಡ' ಅಂತ ಬರೆದಿರ್ತಾರೆ. ಮೋಡ ಕವಿದ ಊರುಗಳಲ್ಲಿ ಅದರ ಅರ್ಥ, ನೆರಳಿದ್ದರೂ ನಡೆಯುತ್ತೆ ಅಂತ. ಏಪ್ರಿಲ್‌ನಲ್ಲಿ 40 ಡಿಗ್ರಿ ಮುಟ್ಟೋ ಊರಲ್ಲಿ ಅದನ್ನ ತಿರುಗಿಸಿ ಓದಬೇಕು: ನೆರಳಿಲ್ಲದಿದ್ದರೆ ನಡೆಯಲ್ಲ. ಹಡಗಲಿ ಮಲ್ಲಿಗೆ ಬಿಸಿಲು ಕುಡಿದು ಹೂ ಬಿಡೋ ಗಿಡ. ಒಂದೆಲಗದ ಜಾತಕವೇ ಬೇರೆ.

ಹಾಗಂತ ಇದು ನಮ್ಮ ಸೀಮೆಗೆ ಹೊಸ ವಿದ್ಯೆ ಏನಲ್ಲ. ನಮ್ಮ ಕಡೆಯ ಎಲೆಬಳ್ಳಿ ತೋಟದೊಳಗೆ ಮೇ ತಿಂಗಳ ಮಧ್ಯಾಹ್ನ ಒಮ್ಮೆ ಕಾಲಿಟ್ಟು ನೋಡಿ. ಹೊರಗೆ ಕಣ್ಣು ಬಿಡೋಕಾಗದ ಬಿಸಿಲು, ಒಳಗೆ ತಂಪು, ಒದ್ದೆ ಮಣ್ಣಿನ ವಾಸನೆ. ವೀಳ್ಯದೆಲೆ ಕೂಡ ಕಾಡಿನ ನೆರಳಿನ ಬಳ್ಳಿಯೇ. ಅದನ್ನ ಈ ಬಿಸಿಲ ನಾಡಲ್ಲಿ ಬೆಳೆಸಿದ ರೈತರು ಬಳ್ಳಿಯನ್ನ ಮೊದಲು ನೆಡಲ್ಲ. ಚೊಗಚೆ, ನುಗ್ಗೆ, ಹಾಲುವಾಣದಂಥ ಬೇಗ ಏಳೋ ಗಿಡಗಳನ್ನ ಮೊದಲು ಎಬ್ಬಿಸ್ತಾರೆ. ಅವು ತಲೆ ಎತ್ತಿ ತೆಳು ನೆರಳು ಕೊಡೋಕೆ ಶುರು ಮಾಡಿದ ಮೇಲೆ ಬುಡಕ್ಕೆ ಬಳ್ಳಿ ಬರುತ್ತೆ. ಅಂದ್ರೆ ನೆರಳು ಮೊದಲು, ಬೆಳೆ ಆಮೇಲೆ. ಒಂದೆಲಗಕ್ಕೂ ಈ ಕ್ರಮ ಹಿಡಿದರೆ ಅರ್ಧ ಕೆಲಸ ಮುಗಿದ ಹಾಗೆ.

ಮನೆಯ ಯಾವ ಮೂಲೆ?

ಉತ್ತರದ ಗೋಡೆಗೆ ಬಿಸಿಲು ಬೀಳಲ್ಲ, ಅಲ್ಲಿಡಿ ಅಂತ ಬಹಳ ಜನ ಹೇಳ್ತಾರೆ. ಇಲ್ಲೊಂದು ತಿರುವಿದೆ. ನಮ್ಮ ಊರುಗಳಿರೋದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆ, ಮೇ ಮೊದಲ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ನಿಲ್ತಾನೆ. ಟಿವಿಯಲ್ಲಿ 'ಶೂನ್ಯ ನೆರಳಿನ ದಿನ' ಅಂತ ತೋರಿಸ್ತಾರಲ್ಲ, ಅದೇ. ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಸ್ವಲ್ಪ ಉತ್ತರಕ್ಕೇ ವಾಲಿರ್ತಾನೆ. ಹಾಗಾಗಿ ಚಳಿಗಾಲದಲ್ಲಿ ತಂಪಾಗಿದ್ದ ಉತ್ತರದ ಗೋಡೆ ಬುಡ ಮೇ ತಿಂಗಳಲ್ಲಿ, ಗಿಡಕ್ಕೆ ಅತಿ ಕಷ್ಟದ ಹೊತ್ತಲ್ಲೇ, ಬಿಸಿಲಿಗೆ ತೆರೆದುಕೊಳ್ಳುತ್ತೆ. ಗೋಡೆ ನಂಬಿದವರ ಒಂದೆಲಗ ಒಣಗೋದು ಹೀಗೆ.

ಪೂರ್ವದ ಬದಿ ಇದಕ್ಕಿಂತ ವಾಸಿ. ಬೆಳಗಿನ ಎಳೆ ಬಿಸಿಲು ಒಂದೆರಡು ತಾಸು ಬಿದ್ದರೆ ಎಲೆ ದಪ್ಪ ಬರುತ್ತೆ. ಹತ್ತು ಗಂಟೆ ಮೇಲೆ ತಲೆ ಮೇಲೊಂದು ಹೊದಿಕೆ ಬೇಕು: ಗಿಡದ ನೆರಳೋ, ಮಾಡಿನ ಚಾಚೋ, ಏನೂ ಇಲ್ಲದಿದ್ದರೆ 50 ಪರ್ಸೆಂಟಿನ ಹಸಿರು ಶೇಡ್‌ನೆಟ್ಟೋ. ಪಶ್ಚಿಮದ ಗೋಡೆ ಮಾತ್ರ ಬೇಡವೇ ಬೇಡ. ಸಂಜೆ ಐದಕ್ಕೆ ಆ ಗೋಡೆ ಮುಟ್ಟಿ ನೋಡಿದರೆ ಯಾಕೆ ಅಂತ ಗೊತ್ತಾಗುತ್ತೆ. ಪೂರ್ತಿ ಕತ್ತಲೆ ಮೂಲೆಯೂ ಬೇಡ. ಅಲ್ಲಿ ತೊಟ್ಟು ಉದ್ದುದ್ದ ಬೆಳೆದು, ಎಲೆ ತೆಳುವಾಗಿ, ಗಿಡ ಮೈ ತುಂಬಿಕೊಳ್ಳೋದೇ ಇಲ್ಲ.

ನನ್ನ ಕೇಳಿದರೆ ಹಳ್ಳಿ ಮನೆಗೆ ಬಾಳೆಗಿಂತ ಒಳ್ಳೆ ಕೊಡೆ ಇಲ್ಲ. ನಮ್ಮ ಹಿತ್ತಲುಗಳಲ್ಲಿ ಬಚ್ಚಲ ನೀರು ಹೋಗೋ ಕಡೆ ಎರಡು ಬಾಳೆ ಇದ್ದೇ ಇರ್ತವೆ. ಬಾಳೆ ಬಚ್ಚಲ ನೀರು ಕುಡಿಯುತ್ತೆ, ಅದರ ಎಲೆ ಕೆಳಗೆ ತೂತು ತೂತು ನೆರಳು ಬೀಳುತ್ತೆ, ಸುತ್ತಲಿನ ಗಾಳಿಯಲ್ಲಿ ತೇವ ಇರುತ್ತೆ. ಆ ನೆರಳಲ್ಲಿ ನಾಲ್ಕು ಕಲ್ಲಿಟ್ಟು, ಮೇಲೆ ಟಬ್ ಇಡಿ.

ಟಬ್ಬಲ್ಲೇ ಯಾಕೆ, ಅಲ್ಲೇ ನೆಲಕ್ಕೆ ನೆಟ್ಟರಾಗಲ್ಲವಾ? ನೆಟ್ಟರೆ ಚೆನ್ನಾಗಿ ಬೆಳೆಯುತ್ತೆ ಅನ್ನೋದೇ ತೊಂದರೆ. ಬಚ್ಚಲ ನೀರಿನಲ್ಲಿ ಸೋಪು, ಶಾಂಪೂ, ಬಟ್ಟೆ ಪುಡಿ, ಫಿನಾಯಿಲ್ ಎಲ್ಲ ಇರ್ತವೆ, ಜೊತೆಗೆ ಮೈ ತೊಳೆದ ಕೊಳೆ. ಬಾಳೆಗೆ ಪರವಾಗಿಲ್ಲ, ಹಣ್ಣು ಮೇಲಿರುತ್ತೆ, ಸುಲಿದು ತಿಂತೀವಿ. ಒಂದೆಲಗ ನೆಲಕ್ಕೆ ಅಂಟಿಕೊಂಡು ಹರಡೋ ಗಿಡ, ಹಸಿಯಾಗಿ ಹೊಟ್ಟೆಗೆ ಹೋಗೋ ಎಲೆ. ಇದಕ್ಕೆ ಕುಡಿಯೋ ನೀರಿನಷ್ಟೇ ಶುದ್ಧ ನೀರು ಬೇಕು.

ಇದೇ ಕಾರಣಕ್ಕೆ ಕೆರೆಯಂಚು, ಕಾಲುವೆ ಬದಿ, ಗದ್ದೆ ಬದುವಿನಿಂದ ಕಿತ್ತು ತಂದ ಸೊಪ್ಪನ್ನ ನೇರವಾಗಿ ತಿನ್ನಬೇಡಿ. ತುಂಗಭದ್ರೆಯ ಹಿನ್ನೀರು ಹತ್ತಿರದಲ್ಲೇ ಇದೆ, ಮಾಲವಿ ಜಲಾಶಯ ಇದೆ, ತೇವ ಇರೋ ಕಡೆ ಇಂಥ ಸೊಪ್ಪು ಕಣ್ಣಿಗೆ ಬೀಳೋದುಂಟು. ಆದರೆ ಅಲ್ಲೇ ಕುರಿ, ದನ ಮೇಯ್ತವೆ. ಕುರಿ-ದನಗಳ ಪಿತ್ತಜನಕಾಂಗದಲ್ಲಿರೋ ಚಪ್ಪಟೆ ಹುಳುವಿನ ಮರಿಗಳು ನೀರಿನ ಬಸವನಹುಳುವಿನೊಳಗೆ ಬೆಳೆದು, ಹೊರಗೆ ಬಂದು, ನೀರಂಚಿನ ಎಲೆಗಳಿಗೆ ಅಂಟಿಕೊಳ್ತವೆ. ಹಸಿ ಎಲೆ ತಿಂದ ಮನುಷ್ಯರಿಗೂ ಅದು ದಾಟಬಹುದು. ಭತ್ತದ ಗದ್ದೆಯಿಂದ ಬಸಿದು ಬರೋ ಔಷಧಿ ನೀರಿನ ಲೆಕ್ಕ ಬೇರೆ. ಕಾಡು ಸೊಪ್ಪು ಅಂದ್ರೆ ಶುದ್ಧ ಅನ್ನೋ ನಂಬಿಕೆ ಇಲ್ಲಿ ಕೆಲಸಕ್ಕೆ ಬರಲ್ಲ. ಅಂಥ ಕಡೆಯಿಂದ ಬಳ್ಳಿ ತಂದರೂ ತೊಳೆದು ನಿಮ್ಮ ಮಣ್ಣಲ್ಲಿ ನೆಡಿ, ಹಳೆ ಎಲೆ ಎಲ್ಲ ತೆಗೆದು ಬಿಸಾಕಿ, ಹೊಸದಾಗಿ ಬಂದ ಎಲೆಯನ್ನಷ್ಟೇ ಬಳಸಿ.

ತಂದಿದ್ದು ಒಂದೆಲಗವೇ ತಾನೇ?

'ಬ್ರಾಹ್ಮಿ ಕೊಡಿ' ಅಂತ ನರ್ಸರಿಯಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಗಿಡ ಕೊಡ್ತಾರೆ. ಕರ್ನಾಟಕದಲ್ಲಿ ಒಂದೆಲಗವನ್ನೂ ಬ್ರಾಹ್ಮಿ ಅಂತಾರೆ, ನೀರುಬ್ರಾಹ್ಮಿಯನ್ನೂ ಬ್ರಾಹ್ಮಿ ಅಂತಾರೆ. ಸರ್ಕಾರದ ಆಯುರ್ವೇದ ಫಾರ್ಮಕೋಪಿಯಾದ ಪ್ರಕಾರ ಬ್ರಾಹ್ಮಿ ಅಂದ್ರೆ ಬಕೋಪಾ ಮೊನಿಯೇರಿ, ಅಂದರೆ ನೀರುಬ್ರಾಹ್ಮಿ. ಒಂದೆಲಗಕ್ಕೆ ಅಲ್ಲಿರೋ ಹೆಸರು ಮಂಡೂಕಪರ್ಣಿ, ಕಪ್ಪೆ ಎಲೆ. ಎರಡೂ ತೇವ ಬಯಸ್ತವೆ, ಎರಡನ್ನೂ ಬುದ್ಧಿಗೆ ಒಳ್ಳೇದು ಅಂತ ಹೇಳ್ತಾರೆ. ಆದರೆ ಸಂಬಂಧಿಕರೂ ಅಲ್ಲ. ನೀರುಬ್ರಾಹ್ಮಿಯದು ಹೆಸರುಕಾಳಿನಷ್ಟು ಸಣ್ಣ, ದಪ್ಪ ಎಲೆ, ಕಾಂಡದ ಮೇಲೆ ಎದುರುಬದುರು ಜೋಡಿಯಾಗಿ ಬರುತ್ತೆ, ಬಾಯಿಗಿಟ್ಟರೆ ಕಹಿ. ಒಂದೆಲಗ ಕೊತ್ತಂಬರಿ, ಜೀರಿಗೆ, ಕ್ಯಾರೆಟ್‌ನ ಕುಟುಂಬದ್ದು. ಎಲೆ ಹಿಸುಕಿ ಮೂಸಿದರೆ ಆ ಬಳಗದ ವಾಸನೆ ಹತ್ತುತ್ತೆ.

ಇನ್ನೂ ಇಬ್ಬರು ವೇಷಧಾರಿಗಳಿದ್ದಾರೆ. ಕುಂಡದಲ್ಲಿ ಅಲಂಕಾರಕ್ಕೆ ಬೆಳೆಸೋ, ದುಂಡು ನಾಣ್ಯದಂಥ ಎಲೆಯ ಗಿಡವೊಂದಿದೆ. ಅದರ ತೊಟ್ಟು ಕೊಡೆಯ ಕೋಲಿನ ಹಾಗೆ ಎಲೆಯ ನಟ್ಟನಡುವೆ ಸೇರಿರುತ್ತೆ. ಒಂದೆಲಗದ ಎಲೆಗೆ ತೊಟ್ಟು ಸೇರೋ ಕಡೆ ಆಳವಾದ ಸೀಳು ಇರುತ್ತೆ, ತೊಟ್ಟು ಆ ಸೀಳಿನ ಬುಡಕ್ಕೆ ಅಂಟಿರುತ್ತೆ. ಇದೊಂದು ನೋಡಿದರೆ ಸಾಕು. ಇನ್ನೊಂದು ಹೊಲದಲ್ಲಿ ಸಿಗೋ ಇಲಿಕಿವಿ. ಅದರ ಎಲೆಯೂ ಹಬ್ಬೋ ರೀತಿಯೂ ಹೀಗೇ, ಆದರೆ ಸಣ್ಣ ಹಳದಿ ಗಂಟೆ ಹೂ ಬಿಡುತ್ತೆ. ಒಂದೆಲಗದ ಹೂ ಎಲೆ ಬುಡದಲ್ಲಿ ಅಡಗಿರುತ್ತೆ, ಬಗ್ಗಿ ಹುಡುಕಿದರೂ ಕಾಣೋದು ಕಷ್ಟ.

ತಳಿ ಬೇಕು ಅನ್ನೋರಿಗೆ: ಬೆಂಗಳೂರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಒಂದೆಲಗದಲ್ಲೇ ಅರ್ಕಾ ಪ್ರಭಾವಿ, ಅರ್ಕಾ ದಿವ್ಯ ಅಂತ ಎರಡು ತಳಿ ಬಿಟ್ಟಿದೆ. ಮನೆ ಬಳಕೆಗೆ ಅದೇ ಬೇಕು ಅಂತೇನಿಲ್ಲ. ನೆಂಟರ ಮನೆಯ ಆರೋಗ್ಯವಾದ ಬಳ್ಳಿ ಸಾಕು.

ಮಣ್ಣು, ನೀರು, ಕತ್ತರಿ

ಟಬ್ ಆಳಕ್ಕಿಂತ ಅಗಲ ಇರಲಿ. ಬೇರು ಆಳಕ್ಕೆ ಇಳಿಯಲ್ಲ, ಅರ್ಧ ಅಡಿ ಮಣ್ಣು ಸಾಕು. ಬಿರುಕು ಬಿಟ್ಟ ಬುಟ್ಟಿ, ಹಣ್ಣಿನ ಕ್ರೇಟು, ಹಳೆ ಸಿಮೆಂಟ್ ತೊಟ್ಟಿ ಯಾವುದೂ ಆದೀತು. ತಳಕ್ಕೆ ತೂತು ಮಾತ್ರ ಬೇಕು. ಬರೀ ಎರೆ ಮಣ್ಣು ತುಂಬಿದರೆ ಒಂದು ದಿನ ನೀರು ತಪ್ಪಿದರೂ ಬಿರುಕು ಬಿಟ್ಟು ಬೇರು ಹರಿಯುತ್ತೆ. ಬರೀ ಮಸಾರಿ ಆದರೆ ನೀರು ನಿಲ್ಲಲ್ಲ. ಎರಡು ಪಾಲು ಮಸಾರಿ, ಒಂದು ಪಾಲು ಎರೆ, ಒಂದು ಪಾಲು ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಕಲಸಿ. ಹಸಿ ಸಗಣಿ ಹಾಕಬೇಡಿ, ಇದು ಹಸಿ ತಿನ್ನೋ ಸೊಪ್ಪು.

ನೆಡೋಕೆ ಜೂನ್-ಜುಲೈ ಸರಿಯಾದ ಕಾಲ. ಬೀಜದ ಗೊಡವೆ ಬೇಡ. ಹಬ್ಬೋ ಬಳ್ಳಿಯಲ್ಲಿ ಗಿಣ್ಣು ಗಿಣ್ಣಿಗೂ ಬೇರು, ಒಂದೆರಡು ಎಲೆ ಇರ್ತವೆ. ಎರಡು ಮೂರು ಗಿಣ್ಣಿನ ತುಂಡು ಕತ್ತರಿಸಿ, ಗೇಣಿಗೊಂದರಂತೆ, ಗಿಣ್ಣು ಮಣ್ಣಿಗೆ ತಾಗೋ ಹಾಗೆ ಒತ್ತಿಡಿ. ಮೊದಲ ಹದಿನೈದು ದಿನ ಮಣ್ಣು ಒಣಗದಿದ್ದರೆ ಉಳಿದದ್ದು ಅದೇ ನೋಡಿಕೊಳ್ಳುತ್ತೆ. ಎರಡು, ಎರಡೂವರೆ ತಿಂಗಳಿಗೆ ಟಬ್ ಮುಚ್ಚುತ್ತೆ. ಆಗ ಎಲೆಯನ್ನ ತೊಟ್ಟಿನ ಸಮೇತ ಕತ್ತರಿಯಲ್ಲಿ ಕತ್ತರಿಸಿ, ಬಳ್ಳಿ ಹಾಗೇ ಬಿಡಿ. ಕಿತ್ತರೆ ಬೇರೇ ಎದ್ದು ಬರುತ್ತೆ. ಮೂರು ನಾಲ್ಕು ವಾರಕ್ಕೆ ಮತ್ತೆ ಕೊಯ್ಲಿಗೆ ಸಿಗುತ್ತೆ. ವರ್ಷಕ್ಕೊಮ್ಮೆ ಮುಂಗಾರು ಬಂದ ಮೇಲೆ ಬಿಡಿಸಿ ಹೊಸ ಮಣ್ಣಿಗೆ ಹಾಕಿ. ಹಳೆ ಟಬ್ಬಲ್ಲಿ ಬೇರು ಹೆಣೆದುಕೊಂಡು ಎಲೆ ಸಣ್ಣದಾಗ್ತಾ ಬರುತ್ತೆ.

ಬೇಸಿಗೆಯಲ್ಲಿ ದಿನಕ್ಕೆರಡು ಸಲ ನೀರು, ಬೆಳಿಗ್ಗೆ ಮತ್ತು ಸೂರ್ಯ ಇಳಿದ ಮೇಲೆ. ನಮ್ಮ ಬೋರ್‌ವೆಲ್ ನೀರು ಗಡಸು. ಅದನ್ನೇ ಹಾಕ್ತಾ ಹೋದರೆ ಮಣ್ಣ ಮೇಲೆ ಬಿಳಿ ಪುಡಿ ಕೂರುತ್ತೆ, ಎಲೆಯಂಚು ಸುಡುತ್ತೆ. ಆರ್‌ಒ ಯಂತ್ರದಿಂದ ಹೊರಬರೋ ವೇಸ್ಟ್ ನೀರು ಅದಕ್ಕಿಂತ ಉಪ್ಪು, ಅದನ್ನ ಇದಕ್ಕೆ ಹಾಕಬೇಡಿ. ಅಕ್ಕಿ, ಬೇಳೆ ತೊಳೆದ ನೀರು ಒಳ್ಳೇದು. ಮಳೆ ಬಂದಾಗ ಟಬ್ ಎರಡು ದಿನ ಬಯಲಿಗೆ ಇಟ್ಟರೆ ಕೂತ ಉಪ್ಪು ತೊಳೆದು ಹೋಗುತ್ತೆ. ತೇವ ಇರಲಿ ಅಂತ ಕೆಳಗೆ ತಟ್ಟೆ ಇಟ್ಟು ನೀರು ನಿಲ್ಲಿಸೋದು ಬೇಡ, ಡೆಂಗಿ ಸೊಳ್ಳೆಗೆ ಅಷ್ಟು ನೀರು ಸಾಕು. ಅದರ ಬದಲು ಮಣ್ಣಿನ ಮೇಲೆ ಶೇಂಗಾ ಸಿಪ್ಪೆ ಹರಡಿ. ನಮ್ಮ ಕಡೆ ಅದಕ್ಕೇನು ಬರವೇ!

ಬೆಂಗಳೂರಿಂದ ವಾರಾಂತ್ಯಕ್ಕೆ ಬಂದು ಟಬ್ ಇಟ್ಟು ಸೋಮವಾರ ವಾಪಸ್ ಹೋಗೋರು ಒಂದು ಲೆಕ್ಕ ಹಾಕಬೇಕು. ಮೇ ತಿಂಗಳಲ್ಲಿ ಎರಡು ದಿನ ನೀರು ತಪ್ಪಿದರೆ ಗಿಡ ಮಲಗುತ್ತೆ. ನೀರು ಹಾಕೋರು ಅವ್ವ. ಹಾಗಾಗಿ ಅವ್ವ ದಿನಾ ಪಾತ್ರೆ ತೊಳೆಯೋ ಕಟ್ಟೆಗೆ, ಕುಡಿಯೋ ನೀರಿನ ಕೊಡಕ್ಕೆ ಹತ್ತಿರ ಇರೋ ನೆರಳೇ ಬೇಕು. ಹಿತ್ತಲ ತುದಿಯ ಎಷ್ಟೇ ಒಳ್ಳೆ ನೆರಳೂ ಮೊಣಕಾಲು ನೋವಿರೋರಿಗೆ ದೂರವೇ.

ತಿಂದರೆ ಏನಾಗುತ್ತೆ?

ಚರಕ ಸಂಹಿತೆ ಮೇಧ್ಯ ರಸಾಯನ, ಅಂದರೆ ಬುದ್ಧಿಗೆ ಬಲ ಕೊಡೋ ಔಷಧಿ ಅಂತ ನಾಲ್ಕನ್ನ ಹೇಳುತ್ತೆ: ಮಂಡೂಕಪರ್ಣಿಯ ರಸ, ಹಾಲಿನ ಜೊತೆ ಯಷ್ಟಿಮಧುವಿನ ಪುಡಿ, ಅಮೃತಬಳ್ಳಿಯ ರಸ, ಶಂಖಪುಷ್ಪಿಯ ಕಲ್ಕ. ಪರೀಕ್ಷೆ ಸಮಯದಲ್ಲಿ ಮಕ್ಕಳಿಗೆ ಒಂದೆಲಗ ಅರೆದು ಕುಡಿಸೋ ಪದ್ಧತಿ ಈ ನಂಬಿಕೆಯದೇ. ಇತ್ತೀಚಿನ ವಿಜ್ಞಾನ ಅಷ್ಟು ಖಾತ್ರಿ ಕೊಡಲ್ಲ. ಮನುಷ್ಯರ ಮೇಲೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟು ಮಾಡಿ 2017ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ, ನೆನಪಿನ ಶಕ್ತಿಯ ವಿಚಾರದಲ್ಲಿ ಒಂದೆಲಗಕ್ಕೂ ಸುಮ್ಮನೆ ಕೊಟ್ಟ ಹುಸಿ ಮಾತ್ರೆಗೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಮನಸ್ಸಿನ ಲವಲವಿಕೆ ಸ್ವಲ್ಪ ಹೆಚ್ಚಿ, ಸಿಟ್ಟು ಕಡಿಮೆ ಆಗಬಹುದು ಅನ್ನೋ ಸೂಚನೆ ಮಾತ್ರ ಸಿಕ್ಕಿತು. ಸಿಟ್ಟು ಕಡಿಮೆಯಾದರೆ ಪರೀಕ್ಷೆ ಸಮಯದಲ್ಲಿ ಅಪ್ಪ-ಅಮ್ಮಂದಿರೇ ಕುಡಿಯೋದು ಒಳ್ಳೇದು ಅನ್ನಿ!

ಚರ್ಮದ ವಿಚಾರದಲ್ಲಿ ಅದರ ಹೆಸರು ಇನ್ನಷ್ಟು ಗಟ್ಟಿ. ಇದರೊಳಗಿನ ಏಷ್ಯಾಟಿಕೋಸೈಡ್ ಅನ್ನೋ ಅಂಶವನ್ನ 1940ರ ದಶಕದ ಆರಂಭದಲ್ಲೇ ಬೇರ್ಪಡಿಸಿದ್ದರು. ಮಡಗಾಸ್ಕರ್‌ನಲ್ಲಿ ಕುಷ್ಠರೋಗಿಗಳ ಗಾಯಕ್ಕೆ ಬಳಸಿ ನೋಡಿದರು. ಗಾಯ ಮಾಯಿಸೋ ಮುಲಾಮುಗಳು ಅಲ್ಲಿಂದ ಬಂದವು, 'ಸಿಕಾ' ಕ್ರೀಮುಗಳು ಅವುಗಳ ಮೊಮ್ಮಕ್ಕಳು. ಹಾಗಂತ ಹಿತ್ತಲ ಎಲೆ ಅರೆದು ತೆರೆದ ಗಾಯಕ್ಕೆ ಮೆತ್ತಬೇಡಿ. ಮುಲಾಮಿನಲ್ಲಿರೋದು ಶುದ್ಧಗೊಳಿಸಿದ ಸಾರ, ನಿಮ್ಮ ಕೈಲಿರೋದು ಮಣ್ಣಿನ ಮೇಲೆ ಮಲಗಿದ್ದ ಎಲೆ.

ಸೊಪ್ಪಾಗಿ, ವಾರಕ್ಕೊಂದೆರಡು ಸಲ ಒಂದು ಹಿಡಿ ತಿನ್ನೋದು ಕರಾವಳಿ, ಮಲೆನಾಡಿನವರ ರೂಢಿ. ಗುಳಿಗೆ, ಗಟ್ಟಿ ಸಾರ, ತಿಂಗಳುಗಟ್ಟಲೆ ಖಾಲಿ ಹೊಟ್ಟೆಗೆ ರಸ, ಇದು ಬೇರೆ ಮಾತು. ಈ ಗಿಡದ ಗುಳಿಗೆ ವಾರಗಟ್ಟಲೆ ತೆಗೆದುಕೊಂಡ ಮೂವರು ಮಹಿಳೆಯರಿಗೆ ಕಾಮಾಲೆ ಬಂದು, ನಿಲ್ಲಿಸಿದ ಮೇಲೆ ಗುಣವಾದ ಪ್ರಕರಣ 2005ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿಯಾಗಿತ್ತು. ಅಪರೂಪದ್ದೇ, ಆದರೆ ಪಿತ್ತಜನಕಾಂಗದ ತೊಂದರೆ ಇರೋರು, ಗರ್ಭಿಣಿಯರು, ನಿದ್ದೆಗೋ ಮೂರ್ಛೆರೋಗಕ್ಕೋ ಮಾತ್ರೆ ತಗೊಳ್ಳೋರು ವೈದ್ಯರನ್ನ ಕೇಳದೆ ಔಷಧಿಯಾಗಿ ಶುರು ಮಾಡಬಾರದು. ಅಪ್ಪನಿಗೆ ಮರೆವು ಜಾಸ್ತಿ ಆಗ್ತಿದೆ ಅನ್ನಿಸಿದರೆ ಮೊದಲು ಹೋಗಬೇಕಾದ್ದು ವೈದ್ಯರ ಹತ್ತಿರ. ಥೈರಾಯ್ಡ್, ಬಿ12 ಕೊರತೆ, ಬಿಪಿ, ಶುಗರ್ ಇವೆಲ್ಲ ಮರೆವು ತರ್ತವೆ, ಎಷ್ಟೋ ಸಲ ಚಿಕಿತ್ಸೆಗೆ ಬಗ್ಗುತ್ತವೆ. ಒಂದೆಲಗ ಕುಡಿಸ್ತಾ ಆರು ತಿಂಗಳು ಕಳೆದರೆ ಆ ಆರು ತಿಂಗಳು ವಾಪಸ್ ಬರಲ್ಲ.

ರೊಟ್ಟಿ ಪಕ್ಕ

ತಂಬುಳಿ ಸುಲಭ. ಒಂದು ಹಿಡಿ ಎಲೆಯನ್ನ ತೊಟ್ಟಿನ ಸಮೇತ ಮೂರು ನಾಲ್ಕು ನೀರಲ್ಲಿ ತೊಳೆದು, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸನ್ನ ತುಪ್ಪದಲ್ಲಿ ಹುರಿದು, ಅದೇ ಬಿಸಿಯಲ್ಲಿ ಎಲೆ ಬಾಡಿಸಿ, ಎರಡು ಚಮಚ ತೆಂಗಿನತುರಿ ಜೊತೆ ನುಣ್ಣಗೆ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ಆಯಿತು. ಕುದಿಸಬಾರದು. ಅನ್ನಕ್ಕೆ ಚೆನ್ನ.

ನಮ್ಮ ಕಡೆ ತಂಬುಳಿಗಿಂತ ಪಚಡಿ ರೂಢಿಗೆ ಬೇಗ ಬೀಳುತ್ತೆ. ಹಕ್ಕರಿಕೆ, ಮೆಂತ್ಯೆ ಸೊಪ್ಪನ್ನ ಹಸಿಯಾಗಿ ರೊಟ್ಟಿ ಜೊತೆ ತಿನ್ನೋ ಜನ ನಾವು. ಎಳೆ ಒಂದೆಲಗವನ್ನ ಸಣ್ಣಗೆ ಹೆಚ್ಚಿ, ಈರುಳ್ಳಿ, ಶೇಂಗಾ ಪುಡಿ, ಚೂರು ಹಸಿಮೆಣಸಿನಕಾಯಿ, ಉಪ್ಪು, ಗಟ್ಟಿ ಮೊಸರು ಕಲಸಿದರೆ ಬಿಸಿ ಜೋಳದ ರೊಟ್ಟಿಗೆ ಹೇಳಿ ಮಾಡಿಸಿದ ಹಾಗಿರುತ್ತೆ. ಬಲಿತ ಎಲೆ ಸ್ವಲ್ಪ ಕಹಿ, ಒಗರು. ಅದನ್ನ ಚಟ್ನಿಗೆ ಇಟ್ಟುಕೊಳ್ಳಿ.

ಟಬ್ ತುಂಬಿದ ಮೇಲೆ ಬೆಂಗಳೂರಿಗೆ ಒಯ್ಯೋದೂ ಕಷ್ಟವಲ್ಲ. ಬೇರಿರೋ ಐದಾರು ಗಿಣ್ಣುಗಳನ್ನ ಒದ್ದೆ ಬಟ್ಟೆಯಲ್ಲಿ ಸುತ್ತಿ, ಟಿಫಿನ್ ಡಬ್ಬಿಯಲ್ಲಿಟ್ಟು, ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆವರೆಗೆ ತಾಜಾ ಇರ್ತವೆ. ಪೂರ್ವಕ್ಕೆ ಮುಖ ಮಾಡಿದ ಬಾಲ್ಕನಿ ಇದ್ದರೆ ಶೇಡ್‌ನೆಟ್ಟೂ ಬೇಡ. ಅಲ್ಲಿನ ಬೇಸಿಗೆ ಇದಕ್ಕೆ ನಮ್ಮೂರಿನ ಚಳಿಗಾಲದ ಮಧ್ಯಾಹ್ನದಷ್ಟೇ.